ಎರಡು ನೊಬೆಲ್‌ಗಳ ನಡುವೆ ತಪ್ಪೊಪ್ಪಿಕೊಂಡ ವಿಜ್ಞಾನಿ ಜಾನ್ ಬಾರ್ಡೀನ್

ಎಪ್ಪತ್ತರ ದಶಕದಲ್ಲಿ ಗಡಿಭಾಗದ ಹಳ್ಳಿಗಳಲ್ಲಿ ರೇಡಿಯೋವನ್ನು ರೇಡಿಯೋ ಎಂದು ಕರೆಯುತ್ತಿದ್ದವರು ಕಡಿಮೆ. ಅದಕ್ಕೆ ಟ್ರಾನ್ಸಿಸ್ಟರ್ ಎಂದೇ ಹೆಸರು. ಚರ್ಮದ ಚೀಲದೊಳಗೆ ಕೂತು, ಹೆಗಲಿಗೆ ತೂಗಿಕೊಂಡು ಹೊಲಕ್ಕೂ ಬರುತ್ತಿದ್ದ ಆ ಪೆಟ್ಟಿಗೆಯಲ್ಲಿ ಜತ್ತ, ಅಕ್ಕಲಕೋಟೆಯವರಿಗೆ ಧಾರವಾಡ ಕೇಳುತ್ತಿತ್ತು. ತಾಳವಾಡಿಯವರಿಗೆ ಮೈಸೂರು, ಹೊಸೂರಿನವರಿಗೆ ಬೆಂಗಳೂರು. ಕಚೇರಿಯ ಕಾಗದ, ಬಸ್ಸಿನ ಬೋರ್ಡು ಬೇರೆ ಭಾಷೆಯಲ್ಲಿದ್ದ ಊರುಗಳಿಗೆ ಕನ್ನಡದ ವಾರ್ತೆ, ಕನ್ನಡದ ಹಾಡು ಬರುತ್ತಿದ್ದುದು ಆ ಪೆಟ್ಟಿಗೆಯ ಮೂಲಕವೇ.

ಆ ಪೆಟ್ಟಿಗೆಗೆ ಹೆಸರು ಕೊಟ್ಟ ಪುಟ್ಟ ಸಾಧನವನ್ನು ಕಂಡುಹಿಡಿದ ಮೂವರಲ್ಲಿ ಒಬ್ಬರು ಅಮೆರಿಕದ ಜಾನ್ ಬಾರ್ಡೀನ್. ಭೌತವಿಜ್ಞಾನದಲ್ಲಿ ಎರಡು ಬಾರಿ ನೊಬೆಲ್ ಪಡೆದ ಏಕೈಕ ವ್ಯಕ್ತಿ ಇಂದಿಗೂ ಅವರೇ. ಆದರೂ ಎಡಿಸನ್, ಐನ್‌ಸ್ಟೀನ್ ಗೊತ್ತಿರುವ ಊರಿನಲ್ಲಿ ಬಾರ್ಡೀನ್ ಹೆಸರು ಗೊತ್ತಿರುವವರು ಸಿಗುವುದು ಕಷ್ಟ. ಇದಕ್ಕೆ ಅವರ ಸ್ವಭಾವವೂ ಒಂದು ಕಾರಣವಿರಬೇಕು. ಮಾತು ಕಡಿಮೆ, ಆಡಿದರೂ ಮೆಲುದನಿ. ತರಗತಿಯಲ್ಲಿ ಮುಂದಿನ ಬೆಂಚಿನವರಿಗೂ ಅವರ ಪಾಠ ಸರಿಯಾಗಿ ಕೇಳುತ್ತಿರಲಿಲ್ಲವೆಂದು ಹೆಸರಾಗಿದ್ದರು.

ಇಂಥ ಮನುಷ್ಯ ಒಮ್ಮೆ, ಅದೂ ಮೊದಲ ನೊಬೆಲ್ ಪಡೆದ ಮೇಲೆ, 22 ವರ್ಷದ ಒಬ್ಬ ವಿದ್ಯಾರ್ಥಿಯ ಲೆಕ್ಕ ತಪ್ಪೆಂದು ಜಗತ್ತಿನ ಮುಂದೆ ಹೇಳಿ, ಒಂದೇ ವರ್ಷದಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವರ ಬಾಳಿನ ಕಥೆಯಲ್ಲಿ ಟ್ರಾನ್ಸಿಸ್ಟರಿಗಿಂತಲೂ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದು.

ಡಾಕ್ಟರರ ಮಗ

ಬಾರ್ಡೀನ್ ಹುಟ್ಟಿದ್ದು 1908ರ ಮೇ 23ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ. ತಂದೆ ಚಾರ್ಲ್ಸ್ ಬಾರ್ಡೀನ್ ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಮೊದಲ ಡೀನ್. ತಾಯಿ ಆಲ್ತಿಯಾ. ಹುಡುಗ ಲೆಕ್ಕದಲ್ಲಿ ಎಷ್ಟು ಚುರುಕಾಗಿದ್ದನೆಂದರೆ ಮೂರನೇ ತರಗತಿಯಿಂದ ನೇರವಾಗಿ ಏಳನೇ ತರಗತಿಗೆ ಹಾಕಿದರು. ಓದಿನಲ್ಲಿ ಮುಂದೆ ಹೋದ ಹುಡುಗನಿಗೆ ಮನೆಯಲ್ಲಿ ಪೆಟ್ಟು ಬಿತ್ತು. 1920ರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವನಿಗೆ ಹನ್ನೆರಡು ಕೂಡ ತುಂಬಿರಲಿಲ್ಲ.

ಹದಿನೈದಕ್ಕೇ ಕಾಲೇಜು ಸೇರಿ ವಿದ್ಯುತ್ ಎಂಜಿನಿಯರಿಂಗ್ ಓದಿದರು. ಪಿಟ್ಸ್‌ಬರ್ಗಿನ ಗಲ್ಫ್ ತೈಲ ಕಂಪನಿಯ ಸಂಶೋಧನಾಲಯದಲ್ಲಿ ಮೂರು ವರ್ಷ ನೌಕರಿ. ನೆಲದೊಳಗೆ ಎಣ್ಣೆ ಎಲ್ಲಿದೆ ಎಂದು ಮೇಲಿನಿಂದಲೇ ಲೆಕ್ಕಹಾಕುವ ಕೆಲಸ. ಸಂಬಳ ಬರುತ್ತಿತ್ತು, ಮನಸ್ಸು ನಿಲ್ಲಲಿಲ್ಲ. 1933ರಲ್ಲಿ, ಅಮೆರಿಕದಲ್ಲಿ ಕೆಲಸ ಸಿಗುವುದೇ ದುರ್ಲಭವಾಗಿದ್ದ ಕಾಲದಲ್ಲಿ, ಇದ್ದ ಕೆಲಸ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಿ ಯೂಜೀನ್ ವಿಗ್ನರ್ ಅವರ ಬಳಿ ಗಣಿತ, ಭೌತವಿಜ್ಞಾನ ಕಲಿತರು. ಲೋಹದೊಳಗೆ ಎಲೆಕ್ಟ್ರಾನುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಅಂದಿನಿಂದ ಕೊನೆಯ ತನಕ ಅವರ ವಿಷಯ. 1938ರಲ್ಲಿ ಜೇನ್ ಮ್ಯಾಕ್ಸ್‌ವೆಲ್ ಅವರನ್ನು ಮದುವೆಯಾದರು. ಮಿನೆಸೋಟದಲ್ಲಿ ಮೇಷ್ಟರ ಕೆಲಸ, ಯುದ್ಧದ ವರ್ಷಗಳಲ್ಲಿ ನೌಕಾಪಡೆಯ ಪ್ರಯೋಗಾಲಯ, 1945ರ ಕೊನೆಗೆ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯ.

ಬೆಲ್‌ನಲ್ಲಿ ವಿಲಿಯಂ ಶಾಕ್ಲಿ ತಂಡದ ಮುಖ್ಯಸ್ಥ. ಶಾಕ್ಲಿ ಯೋಚಿಸಿದ್ದ ಒಂದು ಸಾಧನ ಎಷ್ಟು ಮಾಡಿದರೂ ಕೆಲಸ ಮಾಡುತ್ತಿರಲಿಲ್ಲ. ಹರಳಿನ ಮೇಲ್ಮೈಯಲ್ಲೇ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಒಳಗಿನದನ್ನು ಮರೆಮಾಡುತ್ತಿವೆ ಎಂದು ಕಾರಣ ಹಿಡಿದವರು ಬಾರ್ಡೀನ್. ಕೈಕೆಲಸದಲ್ಲಿ ನುರಿತ ವಾಲ್ಟರ್ ಬ್ರಾಟೈನ್ ಜೊತೆ ಕೂತು 1947ರ ಡಿಸೆಂಬರ್ 16ರಂದು ಜರ್ಮೇನಿಯಂ ಹರಳಿನ ಮೇಲೆ ಎರಡು ಚಿನ್ನದ ತಗಡಿನ ತುದಿಗಳನ್ನು ಕೂದಲೆಳೆಯಷ್ಟು ಅಂತರದಲ್ಲಿ ಒತ್ತಿ ಹಿಡಿದಾಗ ಸಣ್ಣ ಸಂಕೇತ ದೊಡ್ಡದಾಗಿ ಹೊರಬಂತು. ಅದೇ ಟ್ರಾನ್ಸಿಸ್ಟರ್. ಆ ಸಂಜೆ ಮನೆಗೆ ಬಂದ ಬಾರ್ಡೀನ್, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಇವತ್ತು ಏನೋ ಒಂದು ಸಿಕ್ಕಿತು ಎಂದಷ್ಟೇ ತಿಳಿಸಿದರಂತೆ.

ಸಂತೋಷ ಬಹಳ ದಿನ ಉಳಿಯಲಿಲ್ಲ. ತನ್ನ ಕೈ ಇಲ್ಲದೆ ಆದ ಈ ಕೆಲಸ ಶಾಕ್ಲಿಗೆ ಚುಚ್ಚಿತು. ಮುಂದಿನ ಸುಧಾರಿತ ಸಾಧನದ ಕೆಲಸದಿಂದ ಇಬ್ಬರನ್ನೂ ದೂರವಿಟ್ಟರು. ಪ್ರಚಾರಕ್ಕೆ ತೆಗೆಸಿದ ಫೋಟೋದಲ್ಲಿ ಬ್ರಾಟೈನ್ ಅವರ ಸಲಕರಣೆಗಳ ಮುಂದೆ ಕುರ್ಚಿಯಲ್ಲಿ ಕೂತವರು ಶಾಕ್ಲಿ; ಕಂಡುಹಿಡಿದ ಇಬ್ಬರು ಹಿಂದೆ ನಿಂತಿದ್ದಾರೆ. ಬಾರ್ಡೀನ್ ಜಗಳಕ್ಕೆ ನಿಲ್ಲಲಿಲ್ಲ. 1951ರಲ್ಲಿ ಬೆಲ್ ಬಿಟ್ಟು ಇಲಿನಾಯ್ ವಿಶ್ವವಿದ್ಯಾಲಯಕ್ಕೆ, ಅರ್ಬಾನಾ ಎಂಬ ಸಣ್ಣ ಊರಿಗೆ ಹೋದರು. ಸುತ್ತ ಜೋಳದ ಹೊಲಗಳಿರುವ ಆ ಊರನ್ನು ಆಮೇಲೆ ಬಿಡಲೇ ಇಲ್ಲ.

ನಲವತ್ತಾರು ವರ್ಷದ ಒಗಟು

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಹಳೆಯ ಒಗಟನ್ನು. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ತಂಪುಮಾಡಿದಾಗ ಅದರ ವಿದ್ಯುತ್ ತಡೆ ಪೂರ್ತಿ ಮಾಯವಾಗಿತ್ತು. ತಂತಿಯಲ್ಲಿ ಕರೆಂಟು ಹರಿಯುವಾಗ ತಂತಿ ಬಿಸಿಯಾಗುವುದು, ದಾರಿಯಲ್ಲೇ ಒಂದಷ್ಟು ಸೋರಿಹೋಗುವುದು ಎಲ್ಲರಿಗೂ ಗೊತ್ತು. ಇಲ್ಲಿ ಸೋರಿಕೆಯೇ ಇಲ್ಲ. ಅತಿವಾಹಕ ಲೋಹದ ಬಳೆಯೊಂದರಲ್ಲಿ ಕರೆಂಟು ಒಮ್ಮೆ ಶುರುವಾದರೆ, ತಂಪು ಉಳಿಯುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಯಾಕೆ ಎಂದು ಹೇಳಲು ಐನ್‌ಸ್ಟೀನ್, ಬೋರ್, ಫೈನ್‌ಮನ್ ಅಂಥವರೂ ಪ್ರಯತ್ನಿಸಿ ಸೋತಿದ್ದರು. ಬಾರ್ಡೀನ್ ಕೂಡ ಯುದ್ಧಕ್ಕೆ ಮೊದಲೇ ಒಮ್ಮೆ ಕೈಹಾಕಿ ಬಿಟ್ಟಿದ್ದರು.

1950ರಲ್ಲಿ ಒಂದು ಸುಳಿವು ಸಿಕ್ಕಿತು. ಪಾದರಸದ ಪರಮಾಣು ಸ್ವಲ್ಪ ಭಾರವಾದರೆ ಅತಿವಾಹಕವಾಗುವ ಉಷ್ಣತೆಯೂ ಸ್ವಲ್ಪ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿದವು. ಅಂದರೆ ಎಲೆಕ್ಟ್ರಾನುಗಳ ಜೊತೆ ಪರಮಾಣುಗಳ ನಡುಕಕ್ಕೂ ಇದರಲ್ಲಿ ಪಾಲಿದೆ. ಬಾರ್ಡೀನ್ ಇಬ್ಬರು ಕಿರಿಯರನ್ನು ಜೊತೆಗೆ ಸೇರಿಸಿಕೊಂಡರು: ಲಿಯಾನ್ ಕೂಪರ್ ಮತ್ತು ಪಿಎಚ್‌ಡಿ ವಿದ್ಯಾರ್ಥಿ ರಾಬರ್ಟ್ ಶ್ರೀಫರ್. ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುವ ಜಾತಿ. ಆದರೆ ಒಂದು ಎಲೆಕ್ಟ್ರಾನು ಹಾದುಹೋಗುವಾಗ ಸುತ್ತಲಿನ ಪರಮಾಣುಗಳು ಅದರತ್ತ ತುಸು ವಾಲುತ್ತವೆ. ಆ ವಾಲಿದ ಜಾಗಕ್ಕೆ ಇನ್ನೊಂದು ಎಲೆಕ್ಟ್ರಾನು ಸೆಳೆಯಲ್ಪಡುತ್ತದೆ. ಹೀಗೆ ಎರಡು ಎಲೆಕ್ಟ್ರಾನುಗಳು ಜೋಡೆತ್ತುಗಳಂತೆ ಜೊತೆಯಾಗಬಲ್ಲವು ಎಂದು 1956ರಲ್ಲಿ ಕೂಪರ್ ತೋರಿಸಿದರು.

ಜೋಡಿ ಒಂದಲ್ಲ, ಲೆಕ್ಕವಿಲ್ಲದಷ್ಟು. ಎಲ್ಲ ಜೋಡಿಗಳೂ ಸೇರಿ ಹೇಗೆ ನಡೆಯುತ್ತವೆ? ಕೋಲಾಟದ ತಂಡವನ್ನು ನೆನೆಸಿಕೊಂಡರೆ ಸ್ವಲ್ಪ ಹತ್ತಿರ ಬರುತ್ತದೆ. ನೂರು ಮಂದಿ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿರುವಾಗ ಒಬ್ಬ ಎಡವಲು ಹೊರಟರೂ ಉಳಿದವರ ಲಯ ಅವನನ್ನು ಎಳೆದುಕೊಂಡು ಹೋಗುತ್ತದೆ. ಈ ಸಾಮೂಹಿಕ ಹೆಜ್ಜೆಯ ಗಣಿತ 1957ರ ಆರಂಭದಲ್ಲಿ ಶ್ರೀಫರ್ ಅವರಿಗೆ ಹೊಳೆದದ್ದು ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ. ಅದನ್ನು ಹಿಡಿದು ಬಾರ್ಡೀನ್ ಹಗಲುರಾತ್ರಿ ಲೆಕ್ಕ ಹಾಕಿದರು. ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಬಿಸಿಎಸ್ ಸಿದ್ಧಾಂತವೆಂದು ಹೆಸರಾಯಿತು. ಆ ಮಾರ್ಚಿನಲ್ಲಿ ಫಿಲಡೆಲ್ಫಿಯದ ಸಮ್ಮೇಳನದಲ್ಲಿ ಅದನ್ನು ಮೊದಲಬಾರಿಗೆ ಹೇಳಬೇಕಾದಾಗ ಬಾರ್ಡೀನ್ ತಾವು ಹೋಗಲಿಲ್ಲ. ಹುಡುಗರೇ ಹೇಳಲಿ, ಹೆಸರು ಅವರಿಗೆ ಬರಲಿ ಎಂಬುದು ಅವರ ಎಣಿಕೆ. ಶಾಕ್ಲಿಯ ಕೈಕೆಳಗೆ ಅನುಭವಿಸಿದ್ದನ್ನು ಅವರು ಮರೆತಿರಲಿಲ್ಲ ಎಂದು ಕಾಣುತ್ತದೆ.

ಈ ನಡುವೆ 1956ರ ನವೆಂಬರ್ 1ರ ಬೆಳಿಗ್ಗೆ ಮೊಟ್ಟೆ ಹುರಿಯುತ್ತ ನಿಂತಿದ್ದಾಗ ಟ್ರಾನ್ಸಿಸ್ಟರಿಗೆ ನೊಬೆಲ್ ಬಂದ ಸುದ್ದಿ ರೇಡಿಯೋದಲ್ಲಿ ಕೇಳಿ ಬಾಣಲೆ ಕೈಜಾರಿತು. ಸ್ಟಾಕ್‌ಹೋಮಿಗೆ ಮೂವರು ಮಕ್ಕಳಲ್ಲಿ ಒಬ್ಬರನ್ನು ಮಾತ್ರ ಕರೆದುಕೊಂಡು ಹೋದದ್ದಕ್ಕೆ ಸ್ವೀಡನ್ನಿನ ದೊರೆ ಪ್ರೀತಿಯಿಂದ ಆಕ್ಷೇಪಿಸಿದಾಗ, ಮುಂದಿನ ಸಲ ಎಲ್ಲರನ್ನೂ ಕರೆತರುವುದಾಗಿ ಬಾರ್ಡೀನ್ ತಮಾಷೆಗೆ ಮಾತು ಕೊಟ್ಟರು.

ಗೋಡೆ ದಾಟುವ ಜೋಡಿ

1960ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಐವರ್ ಯೇವರ್ ಎರಡು ಲೋಹದ ಪದರುಗಳ ನಡುವೆ ಬಲು ತೆಳುವಾದ ಆಕ್ಸೈಡ್ ಪೊರೆಯಿಟ್ಟು ಕರೆಂಟು ಹರಿಸಿದರು. ಆಕ್ಸೈಡ್ ಎಂದರೆ ಲೋಹದ ಮೇಲೆ ಗಾಳಿ ತಾಗಿ ಕಟ್ಟುವ ತುಕ್ಕಿನಂಥದ್ದು. ಕರೆಂಟು ಅದರಲ್ಲಿ ಹರಿಯಬಾರದು. ಆದರೆ ಪೊರೆ ಒಂದೆರಡು ನ್ಯಾನೋಮೀಟರ್ ಮಾತ್ರ ದಪ್ಪವಿದ್ದರೆ ಎಲೆಕ್ಟ್ರಾನು ಗೋಡೆ ಹತ್ತದೆ, ಒಡೆಯದೆ, ಸುರಂಗದಲ್ಲಿ ಹೋದಂತೆ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಯೇವರ್ ಅವರ ಅಳತೆಗಳು ಬಿಸಿಎಸ್ ಲೆಕ್ಕಕ್ಕೆ ತಾಳೆಯಾದವು. ಬಾರ್ಡೀನ್ ಖುಷಿಯಾಗಿ 1961ರಲ್ಲಿ ಈ ಸುರಂಗದ ನಡೆಗೆ ಒಂದು ಗಣಿತದ ದಾರಿಯನ್ನೂ ಹಾಕಿಕೊಟ್ಟರು.

ಆ ದಾರಿಯಲ್ಲೇ ಮುಂದೆ ನಡೆದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಬ್ರಯನ್ ಜೋಸೆಫ್‌ಸನ್. ಒಂಟಿ ಎಲೆಕ್ಟ್ರಾನು ಗೋಡೆ ದಾಟುವುದಾದರೆ ಜೋಡಿ ದಾಟದೇ? ಒಂದು ಎಲೆಕ್ಟ್ರಾನು ದಾಟುವ ಸಂಭವ ಸಾವಿರದಲ್ಲಿ ಒಂದು ಎಂದಿಟ್ಟುಕೊಂಡರೆ ಎರಡೂ ಒಟ್ಟಿಗೆ ದಾಟುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಅಳೆಯಲಿಕ್ಕೂ ಸಿಗದಷ್ಟು ಕಡಿಮೆ. ಹೆಚ್ಚಿನವರ ತರ್ಕ ಹೀಗೇ ಇತ್ತು. ಜೋಸೆಫ್‌ಸನ್ ಲೆಕ್ಕ ಬೇರೆಯದನ್ನೇ ಹೇಳಿತು. ಜೋಡಿ ಎಂದರೆ ಎರಡು ಬಿಡಿ ಎಲೆಕ್ಟ್ರಾನುಗಳಲ್ಲ, ಒಂದೇ ಲಯದ ಭಾಗ. ಆದ್ದರಿಂದ ಒಂಟಿಯಷ್ಟೇ ಸಲೀಸಾಗಿ ಅದು ದಾಟುತ್ತದೆ.

ಮತ್ತೆ ಕೋಲಾಟಕ್ಕೇ ಬಂದರೆ, ತೆಳು ಗೋಡೆಯ ಈಚೆ ಒಂದು ತಂಡ, ಆಚೆ ಇನ್ನೊಂದು. ಕೋಲಿನ ಸದ್ದು ಗೋಡೆ ದಾಟಿ ಕೇಳಿದರೆ ಎರಡು ತಂಡಗಳ ತಾಳ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಎರಡರ ತಾಳದಲ್ಲಿ ಎಷ್ಟು ಹಿಂದುಮುಂದು ಇದೆಯೋ ಅದನ್ನು ಅನುಸರಿಸಿ ಗೋಡೆಯ ಮೂಲಕ ಕರೆಂಟು ಹರಿಯುತ್ತದೆ, ಬ್ಯಾಟರಿಯ ಒತ್ತಡವೇ ಇಲ್ಲದೆ. ಒತ್ತಡ, ಅಂದರೆ ವೋಲ್ಟೇಜ್, ಹಾಕಿದರೆ ಇನ್ನೂ ವಿಚಿತ್ರ. ನೇರ ಕರೆಂಟು ಬರುವ ಬದಲು ಅದು ಹಿಂದಕ್ಕೂ ಮುಂದಕ್ಕೂ ತುಯ್ದಾಡುತ್ತದೆ: ಒಂದು ಮೈಕ್ರೋವೋಲ್ಟಿಗೆ ಸೆಕೆಂಡಿಗೆ ಸುಮಾರು 48 ಕೋಟಿ 36 ಲಕ್ಷ ಬಾರಿ. ಈ ಸಂಖ್ಯೆ ಯಾವ ಲೋಹ, ಯಾವ ಪೊರೆ ಎಂಬುದನ್ನು ಕೇಳುವುದಿಲ್ಲ. ಎಲ್ಲದಕ್ಕೂ ಒಂದೇ.

1962ರ ಜುಲೈಯಲ್ಲಿ ಈ ಪುಟ್ಟ ಲೇಖನ ಹೊಸದಾಗಿ ಶುರುವಾಗಿದ್ದ ಫಿಸಿಕ್ಸ್ ಲೆಟರ್ಸ್ ಪತ್ರಿಕೆಯಲ್ಲಿ ಬಂತು. ಬಾರ್ಡೀನ್ ಒಪ್ಪಲಿಲ್ಲ. ಆಕ್ಸೈಡ್ ಪೊರೆಯೊಳಗೆ ಜೋಡಿಗಳೇ ಇರುವುದಿಲ್ಲ, ಇಲ್ಲದ ಜೋಡಿ ದಾಟುವುದು ಹೇಗೆ ಎಂಬುದು ಅವರ ನಿಲುವು. ಅಚ್ಚಿಗೆ ಹೊರಟಿದ್ದ ತಮ್ಮದೇ ಲೇಖನವೊಂದರ ಕೊನೆಗೆ, ಜೋಸೆಫ್‌ಸನ್ ಹೇಳುವಂಥ ಹರಿವು ಇರಲು ಸಾಧ್ಯವಿಲ್ಲ ಎಂದು ಒಂದು ಟಿಪ್ಪಣಿ ಸೇರಿಸಿಬಿಟ್ಟರು. ಅತಿವಾಹಕತೆಯ ವಿಷಯದಲ್ಲಿ ಆಗ ಬಾರ್ಡೀನ್ ಮಾತೆಂದರೆ ಊರಿನ ಹಿರಿಯರ ತೀರ್ಮಾನ ಇದ್ದಂತೆ. ಇನ್ನೂ ಪಿಎಚ್‌ಡಿ ಮುಗಿಯದ ಹುಡುಗನ ಬಗ್ಗೆ ಅಂಥವರು ಹೀಗೆ ಬರೆದರೆ ಏನಾಗಬಹುದಿತ್ತು ಎಂಬುದನ್ನು ಯಾರೂ ಊಹಿಸಬಹುದು.

ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಅತಿಶೀತ ಭೌತವಿಜ್ಞಾನದ ಸಮ್ಮೇಳನ. ಇಬ್ಬರೂ ಎದುರುಬದುರಾಗುತ್ತಾರೆಂದು ತಿಳಿದು ಸಭಾಂಗಣ ತುಂಬಿತು. 54 ವರ್ಷದ ನೊಬೆಲ್ ವಿಜೇತ ಒಂದೆಡೆ, 22 ವರ್ಷದ ವಿದ್ಯಾರ್ಥಿ ಇನ್ನೊಂದೆಡೆ. ಇಬ್ಬರೂ ಮಿತಭಾಷಿಗಳು, ಇಬ್ಬರದೂ ಸಣ್ಣ ದನಿ. ಕೂಗಾಟ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗಿರಬೇಕು. ಬಾರ್ಡೀನ್ ತಮ್ಮ ಆಕ್ಷೇಪವನ್ನು ಹೇಳಿದರು, ಜೋಸೆಫ್‌ಸನ್ ಅಷ್ಟೇ ಶಾಂತವಾಗಿ ಉತ್ತರಿಸಿದರು. ಯಾರೂ ಬಗ್ಗಲಿಲ್ಲ.

ತೀರ್ಪು ಬಂದದ್ದು ಪ್ರಯೋಗದಿಂದ, ಅದೂ ಬಾರ್ಡೀನ್ ಬಿಟ್ಟುಬಂದಿದ್ದ ಬೆಲ್ ಪ್ರಯೋಗಾಲಯದಿಂದಲೇ. ಅಲ್ಲಿನ ಫಿಲಿಪ್ ಆಂಡರ್‌ಸನ್ ಹಿಂದಿನ ವರ್ಷ ಕೇಂಬ್ರಿಜ್‌ನಲ್ಲಿ ಪಾಠ ಹೇಳುವಾಗ ಜೋಸೆಫ್‌ಸನ್ ಅವರ ತರಗತಿಯಲ್ಲಿದ್ದರು. ಹುಡುಗನ ಲೆಕ್ಕದಲ್ಲಿ ಆಂಡರ್‌ಸನ್‌ಗೆ ನಂಬಿಕೆಯಿತ್ತು. ಅವರು ಜಾನ್ ರೋವೆಲ್ ಜೊತೆಗೂಡಿ ತವರ ಮತ್ತು ಸೀಸದ ನಡುವೆ ತವರದ ಆಕ್ಸೈಡ್ ಪೊರೆಯಿಟ್ಟು ನೋಡಿದಾಗ ವೋಲ್ಟೇಜ್ ಇಲ್ಲದೆಯೇ ಕರೆಂಟು ಹರಿಯಿತು. ಪಕ್ಕದಲ್ಲಿ ಸಣ್ಣ ಕಾಂತಕ್ಷೇತ್ರ ತಂದರೆ ಸಾಕು, ಅದು ನಿಂತುಹೋಗುತ್ತಿತ್ತು. ಪೊರೆಯಲ್ಲಿ ತೂತಾಗಿ ಶಾರ್ಟ್ ಆಗಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಫಲಿತಾಂಶ 1963ರ ಮಾರ್ಚಿನಲ್ಲಿ ಪ್ರಕಟವಾಯಿತು. ವೋಲ್ಟೇಜ್ ಹಾಕಿದಾಗಿನ ತುಯ್ದಾಟದ ಗುರುತನ್ನು ಅದೇ ವರ್ಷ ಸಿಡ್ನಿ ಶಪಿರೋ ತೋರಿಸಿದರು. ತಮಾಷೆಯೆಂದರೆ ಈ ಕರೆಂಟನ್ನು ಯೇವರ್ ಮೊದಲಾದವರು ಮೊದಲೇ ಕಂಡಿದ್ದರು. ಪೊರೆ ಕೆಟ್ಟು ಶಾರ್ಟ್ ಆಗಿದೆಯೆಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1963ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್‌ಗೇಟ್ ವಿಶ್ವವಿದ್ಯಾಲಯದಲ್ಲಿ ಅತಿವಾಹಕತೆಯ ಸಮ್ಮೇಳನ ಸೇರಿತು. ಅಲ್ಲಿ ಬಾರ್ಡೀನ್ ತಮ್ಮ ಆಕ್ಷೇಪವನ್ನು ಬಹಿರಂಗವಾಗಿ ಹಿಂದಕ್ಕೆ ಪಡೆದರು. ನೆಪ ಹೇಳಲಿಲ್ಲ. ದೊಡ್ಡವರು ತಪ್ಪೊಪ್ಪಿಕೊಳ್ಳುವುದು ವಿಜ್ಞಾನದಲ್ಲೂ ಅಪರೂಪವೇ; ಎಷ್ಟೋ ಮಂದಿ ಹಳೆಯ ಮಾತನ್ನು ಹಿಡಿದುಕೊಂಡೇ ಹೋಗಿದ್ದಾರೆ. 1965ರಲ್ಲಿ ಜೋಸೆಫ್‌ಸನ್ ಒಂದು ವರ್ಷದ ಮಟ್ಟಿಗೆ ಕೆಲಸಕ್ಕೆ ಹೋದದ್ದು ಬಾರ್ಡೀನ್ ಇದ್ದ ಇಲಿನಾಯ್ ವಿಶ್ವವಿದ್ಯಾಲಯಕ್ಕೇ.

ಜಂಕ್ಷನ್ ಒಂದೇ ಬಗೆಯದಲ್ಲ

ಜಂಕ್ಷನ್ ಎಂದರೆ ಗಡಿಭಾಗದವರಿಗೆ ಗುಂತಕಲ್ಲೋ ಹೋಟಗಿಯೋ ನೆನಪಾಗುವುದು ಸಹಜ. ಇಲ್ಲಿಯದು ಎರಡು ಅತಿವಾಹಕಗಳು ಒಂದು ದುರ್ಬಲ ಜಾಗದಲ್ಲಿ ಕೂಡುವ ಸಂಧಿ. ಆ ದುರ್ಬಲ ಜಾಗ ಆಕ್ಸೈಡ್ ಪೊರೆಯೇ ಆಗಬೇಕೆಂದಿಲ್ಲ ಎಂದು ಬೇಗನೆ ತಿಳಿಯಿತು. ನಡುವೆ ತಾಮ್ರದಂಥ ಸಾಮಾನ್ಯ ಲೋಹವಿಟ್ಟರೂ ಜೋಡಿಗಳು ಅದರೊಳಗೆ ಸ್ವಲ್ಪ ದೂರ ಕೆಡದೆ ಹೋಗುತ್ತವೆ, ಹಾಗಾಗಿ ಆಕ್ಸೈಡಿಗಿಂತ ದಪ್ಪ ಪದರು ಇದ್ದರೂ ನಡೆಯುತ್ತದೆ. ಏನನ್ನೂ ಇಡದೆ, ಅತಿವಾಹಕ ಹಾಳೆಯನ್ನೇ ಒಂದು ಕಡೆ ಕಾಲುಸಂಕದಂತೆ ಕಿರಿದಾಗಿ ಕೊರೆದರೂ ಅದೇ ಗುಣ ಬರುತ್ತದೆ. ಕೈಗಾರಿಕೆಯಲ್ಲಿ ಬಾಳಿಕೆ ಬಂದದ್ದು ನಿಯೋಬಿಯಂ ಲೋಹದ ನಡುವೆ ಅಲ್ಯೂಮಿನಿಯಂ ಆಕ್ಸೈಡ್ ಇಟ್ಟು ಮಾಡಿದ್ದು.

ಇಂಥ ಎರಡು ಜಂಕ್ಷನ್‌ಗಳನ್ನು ಉಂಗುರದಂತೆ ಸೇರಿಸಿ 1964ರಲ್ಲಿ ಫೋರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಮಾಡಿದ ಸಾಧನಕ್ಕೆ ಸ್ಕ್ವಿಡ್ ಎಂದು ಹೆಸರು ಬಂತು. ಭೂಮಿಯ ಕಾಂತಕ್ಷೇತ್ರದ ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ಕ್ಷೇತ್ರವನ್ನೂ ಅದು ಹಿಡಿಯುತ್ತದೆ. ಮನುಷ್ಯನ ಮಿದುಳಿನಲ್ಲಿ ಹರಿಯುವ ಕರೆಂಟಿನಿಂದ ಹುಟ್ಟುವ ಕಾಂತಕ್ಷೇತ್ರ ಅಷ್ಟು ಸಣ್ಣದು. ಅಪಸ್ಮಾರದ ರೋಗಿಗಳ ಮಿದುಳಿನಲ್ಲಿ ಸೆಳೆತ ಯಾವ ಮೂಲೆಯಿಂದ ಏಳುತ್ತದೆಂದು ತಲೆ ಮುಟ್ಟದೆಯೇ ಹುಡುಕುವ ಎಂಇಜಿ ಯಂತ್ರದೊಳಗೆ ಇಂಥ ಸ್ಕ್ವಿಡ್‌ಗಳ ಸಾಲೇ ಇರುತ್ತದೆ. ಗಡಿಯಾಚೆಯ ಕನ್ನಡಿಗರೂ ಚಿಕಿತ್ಸೆಗೆ ಹೋಗುವ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಇಜಿ ಇದೆ. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದವರು ಸ್ಕ್ವಿಡ್‌ಗಳನ್ನು ಸ್ವತಃ ತಯಾರಿಸಿದ್ದಾರೆ. ವೋಲ್ಟ್ ಎಂಬ ಅಳತೆಯನ್ನು ಜಗತ್ತಿನ ಅಳತೆ ಕಚೇರಿಗಳು 1990ರಿಂದ ಜೋಸೆಫ್‌ಸನ್ ಸಂಖ್ಯೆಗೇ ಕಟ್ಟಿವೆ. ನಮ್ಮ ದೇಶದಲ್ಲಿ ಆ ಕೆಲಸ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಸಾಧ್ಯವೇ ಇಲ್ಲ ಎಂದು ಬಾರ್ಡೀನ್ ಬರೆದಿದ್ದ ಸಂಗತಿ ಇದು.

1972ರಲ್ಲಿ ಬಿಸಿಎಸ್ ಸಿದ್ಧಾಂತಕ್ಕೆ ನೊಬೆಲ್ ಬಂತು. ಒಬ್ಬರಿಗೆ ಒಂದೇ ವಿಷಯದಲ್ಲಿ ಎರಡು ಸಲ ಕೊಡಲಿಕ್ಕಿಲ್ಲ, ತನ್ನಿಂದಾಗಿ ಕೂಪರ್ ಮತ್ತು ಶ್ರೀಫರ್‌ಗೆ ತಪ್ಪಿಹೋಗುತ್ತದೋ ಏನೋ ಎಂದು ಬಾರ್ಡೀನ್ ಅಷ್ಟು ವರ್ಷವೂ ಅಳುಕಿದ್ದರು. ಸುದ್ದಿ ಬಂದ ದಿನ ಮನೆಯ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಅದನ್ನು ತೆರೆಯುವ ಯಂತ್ರ ನಡೆಯುತ್ತಿದ್ದುದು ಟ್ರಾನ್ಸಿಸ್ಟರಿನಿಂದ. ಸ್ಟಾಕ್‌ಹೋಮಿಗೆ ಈ ಸಲ ಮೂವರು ಮಕ್ಕಳೂ ಹೋದರು. ದೊರೆಗೆ ಕೊಟ್ಟ ಮಾತು ಉಳಿಯಿತು. ಮರುವರ್ಷ, 1973ರಲ್ಲಿ, ಪ್ರಶಸ್ತಿಯ ಅರ್ಧ ಜೋಸೆಫ್‌ಸನ್ ಅವರಿಗೆ, ಉಳಿದರ್ಧ ಯೇವರ್ ಮತ್ತು ಜಪಾನಿನ ಲಿಯೋ ಎಸಾಕಿ ಅವರಿಗೆ ಹಂಚಿಕೆಯಾಯಿತು.

ಅರ್ಬಾನಾದಲ್ಲಿ ಬಾರ್ಡೀನ್ ಬದುಕು ಬದಲಾಗಲಿಲ್ಲ. ಗಾಲ್ಫ್ ಆಡುತ್ತಿದ್ದರು, ಮನೆಯ ಹಿಂದೆ ಸ್ನೇಹಿತರಿಗೆ ಮಾಂಸ ಸುಟ್ಟು ಬಡಿಸುತ್ತಿದ್ದರು. ಅವರ ಜೊತೆ ವರ್ಷಗಟ್ಟಲೆ ಆಡಿದ ಕೆಲವರಿಗೆ ಅವರು ಏನು ಕೆಲಸ ಮಾಡುವವರೆಂದೇ ತಿಳಿದಿರಲಿಲ್ಲ. ಒಂದೇ ಹೊಡೆತಕ್ಕೆ ಚೆಂಡು ಕುಳಿ ಸೇರಿದ್ದು ದೊಡ್ಡದೋ ನೊಬೆಲ್ ದೊಡ್ಡದೋ ಎಂದು ಕೇಳಿದಾಗ, ಎರಡು ನೊಬೆಲ್ ಆದರೆ ಬಹುಶಃ ನೊಬೆಲ್ಲೇ ಮೇಲು ಎಂದು ಉತ್ತರಿಸಿದ್ದರಂತೆ.

ಎಪ್ಪತ್ತು ದಾಟಿದ ಮೇಲೆ ಅವರು ಇನ್ನೊಂದು ವಾದಕ್ಕೆ ಇಳಿದರು, ಈ ಸಲ ಎದುರು ಬದಿಯಲ್ಲಿ ನಿಂತು. ನಿಯೋಬಿಯಂ ಟ್ರೈಸೆಲೆನೈಡ್ ಎಂಬ ನೂಲಿನಂಥ ಹರಳುಗಳಲ್ಲಿ ಎಲೆಕ್ಟ್ರಾನುಗಳು ಅಲೆಯಾಗಿ ಕೂಡಿ ಸಾಗುತ್ತವೆ. ತೊಡಕುಗಳನ್ನು ಆ ಅಲೆ ಒಟ್ಟಾಗಿ ಸುರಂಗದ ನಡೆಯಿಂದಲೇ ದಾಟುತ್ತದೆಂದು 1979ರಿಂದ ಅವರು ವಾದಿಸಿದರು. ಲೆಕ್ಕದಲ್ಲಿ ಜೋಸೆಫ್‌ಸನ್ ಪರಿಣಾಮದ ನೆರಳಿತ್ತು. ಕಿರಿಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅಷ್ಟು ಸೌಮ್ಯ ಮನುಷ್ಯ ಈ ವಿಷಯದಲ್ಲಿ ಕೆಲವೊಮ್ಮೆ ಕಠಿಣವಾಗಿಯೂ ಮಾತಾಡಿದರು. ಈ ಸಲ ಅವರ ಪರವಾಗಿ ಆಂಡರ್‌ಸನ್, ರೋವೆಲ್ ಅಂಥವರ ಪ್ರಯೋಗ ಬರಲಿಲ್ಲ.

ಪದರು ಪದರಾದ ಹರಳು

1986ರಲ್ಲಿ ಸ್ವಿಜರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡ್ ಬೆರೆತ ಪಿಂಗಾಣಿಯಂಥ ವಸ್ತುವಿನಲ್ಲಿ ಅತಿವಾಹಕತೆ ಕಂಡರು. ಮರುವರ್ಷವೇ ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ವಸ್ತು ಮೈನಸ್ 181 ಡಿಗ್ರಿಯ ಆಸುಪಾಸಿನಲ್ಲೇ ಅತಿವಾಹಕವಾಯಿತು. ದುಬಾರಿ ದ್ರವ ಹೀಲಿಯಂ ಬೇಡ, ಹಾಲಿನ ಡೇರಿಗಳ ಕೃತಕ ಗರ್ಭಧಾರಣೆ ಕೇಂದ್ರಗಳಲ್ಲೂ ಇರುವ ದ್ರವ ಸಾರಜನಕವೇ ಸಾಕು. ಜಗತ್ತಿನ ಪ್ರಯೋಗಾಲಯಗಳೆಲ್ಲ ಇದರ ಹಿಂದೆ ಬಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1987ರಲ್ಲೇ ಈ ವಸ್ತುವಿನ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಬಾರ್ಡೀನ್ ಅವರಿಗೆ ಆಗ 79. ಜೋಡಿಗಳು ಇಲ್ಲೂ ಇವೆ, ಆದರೆ ಅವನ್ನು ಜೊತೆಗೂಡಿಸುವುದು ಯಾವುದು ಎಂಬುದಕ್ಕೆ 1957ರ ಸಿದ್ಧಾಂತ ನೇರ ಉತ್ತರ ಕೊಡಲಿಲ್ಲ. ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

1990ರ ಡಿಸೆಂಬರಿನಲ್ಲಿ ಫಿಸಿಕ್ಸ್ ಟುಡೇ ಪತ್ರಿಕೆಯಲ್ಲಿ ಬಾರ್ಡೀನ್ ಅವರ ಲೇಖನವೊಂದು ಬಂತು. ವಿಷಯ ಅತಿವಾಹಕತೆಯೇ. ಶ್ವಾಸಕೋಶದ ಕಾಯಿಲೆಯ ಚಿಕಿತ್ಸೆಗೆ ಬಾಸ್ಟನ್ನಿಗೆ ಹೋಗಿದ್ದಾಗ 1991ರ ಜನವರಿ 30ರಂದು ಹೃದಯ ನಿಂತಿತು. 82 ವರ್ಷ. ಹುಟ್ಟೂರು ಮ್ಯಾಡಿಸನ್ನಿನಲ್ಲೇ ಮಣ್ಣುಮಾಡಿದರು.

ಮರುವರ್ಷ ಜರ್ಮನಿಯಿಂದ ಒಂದು ಸುದ್ದಿ. ಬಿಸ್ಮತ್, ಸ್ಟ್ರಾಂಷಿಯಂ, ಕ್ಯಾಲ್ಸಿಯಂ, ತಾಮ್ರ, ಆಮ್ಲಜನಕ ಸೇರಿದ ಹರಳೊಂದನ್ನು ರೈನ್‌ಹೋಲ್ಡ್ ಕ್ಲೈನರ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ಅದರ ರಚನೆ ಹಬ್ಬದ ಚಿರೋಟಿಯಂತೆ. ಚಿರೋಟಿಯಲ್ಲಿ ಹಾಳೆ ಹಾಳೆಗೂ ನಡುವೆ ತುಪ್ಪ, ಅಕ್ಕಿಹಿಟ್ಟಿನ ಸಾಟಿ ಸವರುತ್ತಾರಲ್ಲ, ಹಾಗೆ ಇಲ್ಲಿ ತಾಮ್ರ ಮತ್ತು ಆಮ್ಲಜನಕದ ಅತಿವಾಹಕ ಹಾಳೆಗಳ ನಡುವೆ ಬಿಸ್ಮತ್, ಸ್ಟ್ರಾಂಷಿಯಂ ಇರುವ, ಕರೆಂಟು ಹರಿಯದ ಪದರು. ಅತಿವಾಹಕ ಹಾಳೆ 0.3 ನ್ಯಾನೋಮೀಟರ್, ನಡುವಿನ ಪದರು 1.2. ಹಾಳೆಯ ಉದ್ದಕ್ಕೆ ಕರೆಂಟು ಸಲೀಸಾಗಿ ಹೋಗುತ್ತದೆ. ಅಡ್ಡಲಾಗಿ ಹೋಗಬೇಕಾದರೆ ಪ್ರತಿ ಪದರನ್ನೂ ಜೋಡಿಗಳು ಜೋಸೆಫ್‌ಸನ್ ರೀತಿಯಲ್ಲಿ ದಾಟಬೇಕು. ಹರಳಿನ ಒಂದು ಮೈಕ್ರಾನ್ ದಪ್ಪದಲ್ಲಿ ಇಂಥ ಜಂಕ್ಷನ್‌ಗಳು ಸುಮಾರು 650. ಯಾರೂ ಮಾಡಿದ್ದಲ್ಲ, ಹರಳು ಬೆಳೆಯುವಾಗ ತಾನಾಗಿಯೇ ಆದದ್ದು. ಹೀಗಾಗಿ ಇವಕ್ಕೆ ಸಹಜ ಜಂಕ್ಷನ್‌ಗಳೆಂದು ಹೆಸರು. ಪದರುಗಳ ಅತಿವಾಹಕ ಹೀಗೆ ವರ್ತಿಸಬಹುದೆಂದು ಲಾರೆನ್ಸ್ ಮತ್ತು ಡೋನಿಯಾಕ್ 1970ರಲ್ಲೇ ಲೆಕ್ಕ ಕೊಟ್ಟಿದ್ದರು.

ಇಂಥ ನೂರಾರು ಜಂಕ್ಷನ್‌ಗಳು ಒಂದೇ ತಾಳಕ್ಕೆ ಬಂದರೆ ಟೆರಾಹರ್ಟ್ಜ್ ಅಲೆಗಳು ಹೊರಡುತ್ತವೆ ಎಂದು 2007ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಿಂದ ವರದಿಯಾಯಿತು. ಇಟ್ರಿಯಂ ವಸ್ತುವಿನಲ್ಲಿ ಹಾಳೆಗಳ ನಡುವಣ ನಂಟು ಗಟ್ಟಿ. ಅಲ್ಲಿ ಹೆಚ್ಚು ಬಳಕೆಗೆ ಬಂದದ್ದು ಎರಡು ಹರಳುಗಳನ್ನು ಓರೆಯಾಗಿ ಕೂಡಿಸಿದ ಗೆರೆಯ ಮೇಲೆ ಆಗುವ ಜಂಕ್ಷನ್. ಓರೆ ಹೆಚ್ಚಿದಷ್ಟೂ ದಾಟುವ ಕರೆಂಟು ಕುಗ್ಗುತ್ತದೆ. ಇದೇ ಕಾರಣಕ್ಕೆ ಈ ವಸ್ತುಗಳಿಂದ ಉದ್ದದ ತಂತಿ ಎಳೆಯುವುದು ಬಹುಕಾಲ ತಲೆನೋವಾಗಿತ್ತು.

1993ರಲ್ಲಿ ಇಟ್ರಿಯಂ ಹರಳಿನ ಒಂದು ಮೂಲೆಯ ಎರಡು ಮಗ್ಗುಲಿಗೆ ಸೀಸ ಅಂಟಿಸಿ ಸ್ಕ್ವಿಡ್ ಮಾಡಿ ಒಂದು ಪರೀಕ್ಷೆ ನಡೆಯಿತು. ಒಂದು ಮಗ್ಗುಲಿನ ಜೋಡಿಗಳ ತಾಳಕ್ಕೂ ಇನ್ನೊಂದು ಮಗ್ಗುಲಿನ ತಾಳಕ್ಕೂ ಪೂರ್ತಿ ಉಲ್ಟಾ ಇರುವುದು ಅದರಲ್ಲಿ ಕಂಡಿತು. 1957ರಲ್ಲಿ ಮೂವರು ಲೆಕ್ಕ ಹಾಕಿದ ಜೋಡಿಗಳಲ್ಲಿ ಹೀಗಿರಲಿಲ್ಲ. ಇದು ಬೇರೆ ಜಾತಿಯ ಜೋಡಿ. ಆ ಪರೀಕ್ಷೆ ಮಾಡಿದ ಡೇಲ್ ವ್ಯಾನ್ ಹಾರ್ಲಿಂಗೆನ್ ಮತ್ತು ಅವರ ಸಂಗಡಿಗರು ಕೆಲಸ ಮಾಡುತ್ತಿದ್ದುದು ಅರ್ಬಾನಾದಲ್ಲಿ, ಬಾರ್ಡೀನ್ ನಲವತ್ತು ವರ್ಷ ಇದ್ದ ಅದೇ ಭೌತವಿಜ್ಞಾನ ವಿಭಾಗದಲ್ಲಿ.